ಓಂಕಾರಪ್ಪನವರ ಫೋನಿನಿಂದ ಬಂದ ಮೆಸೇಜು

ಭದ್ರಾವತಿಯ ನಮ್ಮ ದೊಡ್ಡಮ್ಮ ಉಮಾಮಹೇಶ್ವರಿ, ಗಂಡ ತೀರಿಕೊಂಡ ಮೇಲೂ ಅವರ ಮೊಬೈಲನ್ನು ಆಫ್ ಮಾಡಲಿಲ್ಲ. ಅದು 2009. ದೊಡ್ಡಪ್ಪ ಓಂಕಾರಪ್ಪನವರ ಫೋಟೋ ಮುಂದೆ ಅದನ್ನಿಟ್ಟು, ಫೋಟೋಗೆ ವಿಭೂತಿ ಹಚ್ಚುವಾಗ ಫೋನಿಗೂ ಒಂದು ಬೆರಳು ಹಚ್ಚಿ, ಚಾರ್ಜಿಗೆ ಹಾಕುತ್ತಿದ್ದರು. ಅದರೊಳಗೆ ದೊಡ್ಡಪ್ಪನ ಧ್ವನಿ ಇತ್ತು. ರೆಕಾರ್ಡ್ ಮಾಡುವುದನ್ನು ಕಲಿಯುವಾಗ ಅವರೇ ಹಿಡಿದಿಟ್ಟ ಚಿಕ್ಕ ತುಣುಕು. ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮ ಅದನ್ನು ಹಾಕಿಕೊಂಡು ಕೂರುತ್ತಿದ್ದರು. ಬಾಗಿಲಾಚೆ ನಿಂತವರಿಗೆ ದೊಡ್ಡಪ್ಪ ಒಳಗೇ ಇದ್ದಾರೆ ಅನ್ನಿಸುತ್ತಿತ್ತು.

ಸಾವಿನ ಸುದ್ದಿ ತಿಳಿಯದವರು ಆ ನಂಬರಿಗೆ ಇನ್ನೂ ಮೆಸೇಜು ಕಳಿಸುತ್ತಿದ್ದರು. ದೊಡ್ಡಮ್ಮ ಒಂದನ್ನೂ ಬಿಡದೆ ತೆರೆಯುತ್ತಿದ್ದರು. ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಕೆಳಗೆ ಯಾವುದೋ ವೆಬ್‌ಸೈಟಿನ ಲಿಂಕು. ಒತ್ತಿದರು. ಫೋನು ಏನೋ ಕೇಳಿತು, 'ಯೆಸ್' ಅಂದರು. ದೊಡ್ಡಪ್ಪ ಕೇಳಿದವರಿಗೆ ಇಲ್ಲ ಅಂದವರೇ ಅಲ್ಲ. ಅವರ ಫೋನಿನಲ್ಲಿ 'ನೋ' ಒತ್ತಲು ದೊಡ್ಡಮ್ಮನಿಗೆ ಮನಸ್ಸಾಗಲಿಲ್ಲ.

ಮರುದಿನ ಗೋಪಾಳದ ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದಾಗ ಅವರ ಫೋನು ಸದ್ದು ಮಾಡಿತು. ಪರದೆಯ ಮೇಲೆ 'ಅಣ್ಣ' ಅಂತ ಹೆಸರು. ಅಪ್ಪ ತುತ್ತು ಬಿಟ್ಟು, ಕೈ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಅದನ್ನು ತೆರೆದರು. ಅದೇ ಲಿಂಕು. ಅವರೂ 'ಯೆಸ್' ಒತ್ತಿದರು.

ಸಂಜೆಯೊಳಗೆ ನೆಂಟರಿಗೆಲ್ಲ ದೊಡ್ಡಪ್ಪನ ಮೆಸೇಜು ಹೋಗಿತ್ತು. ಒಬ್ಬರೂ ಅಳಿಸಲಿಲ್ಲ. ನವುಲೆಯ ಸೌಂದರ್ಯತ್ತೆ ಅಪ್ಪನಿಗೆ ಫೋನ್ ಮಾಡಿ, "ಅಣ್ಣಂಗೇನೋ ಹೇಳೋದು ಉಳ್ಕೊಂಡಿದೆ ಕಣೋ ಶಿವರಾಜ," ಅಂತ ಅತ್ತರು. ಅಪ್ಪನೂ ನಾನೂ ಭದ್ರಾವತಿಗೆ ಹೋದಾಗ, ಫೋಟೋ ಮುಂದಿನ ಫೋನು ಬಿಸಿಯಾಗಿತ್ತು. ಯಾರೂ ಮುಟ್ಟದೆ ಅದರ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು. ದೊಡ್ಡಮ್ಮ ಅದರ ಎದುರು ಕೂತಿದ್ದರು, ಕಣ್ಣು ಕೀಳದೆ.

ಅಪ್ಪನ ಮಾತಿಗೆ ಒಪ್ಪಿ ಅವರು ನಮ್ಮ ಜೊತೆ ನಮ್ಮೂರ ಗಾಂಧಿ ಬಜಾರಿಗೆ ಬಂದರು. ಮೊಬೈಲ್ ರಿಪೇರಿ ಅಂಗಡಿಯ ಮನೋಹರ ನೋಡಿದ ಕೂಡಲೇ ಹೇಳಿದ, "ಇದು ವೈರಸ್ಸಮ್ಮ. ಕಂಡ ಕಂಡ ಸೈಟಿಗೆಲ್ಲ ಯೆಸ್ ಅಂದ್ರೆ ಒಳಗೆ ಬಂದು ಕೂತ್ಕೊಳ್ಳುತ್ತೆ. ಹೆಸರು ನೋಡಿ ನಂಬ್ಬೇಡಿ, ಫೋನು ಏನಾದ್ರೂ ಹಾಕ್ಲಾ ಅಂತ ಕೇಳಿದ್ರೆ ನೋ ಅನ್ನಿ."

"ಅಣ್ಣನ ಹೆಸರಲ್ಲಿ ಬಂದ್ರೆ ನೋ ಅನ್ನೋಕಾಗುತ್ತೇನಪ್ಪ?" ಅಂದರು ಅಪ್ಪ.

"ನಿಮ್ಮಂಥೋರಿಂದಾನೇ ಮಾರಾಯ್ರೆ ಅದು ಊರೆಲ್ಲ ಸುತ್ತೋದು. ಫಾರ್ಮ್ಯಾಟ್ ಮಾಡ್ಬೇಕು. ಒಳಗಿರೋದೆಲ್ಲ ಹೋಗುತ್ತೆ."

"ಅವ್ರ ಧ್ವನಿ?" ದೊಡ್ಡಮ್ಮ ಕೇಳಿದರು.

"ಅದೂ ಹೋಗುತ್ತಮ್ಮ. ಕಂಪ್ಯೂಟರಿಗೆ ಹಾಕ್ಕೊಡೋಕೆ ನಂಗೆ ಧೈರ್ಯ ಇಲ್ಲ. ಇಂಥದ್ದೇ ಒಂದು ಹಾಕಿ ನನ್ನ ಸಿಸ್ಟಮ್ಮೇ ಕೆಟ್ಟಿತ್ತು."

ದೊಡ್ಡಮ್ಮ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ಧ್ವನಿ ಉಳಿಸಲು ಅಪ್ಪ ಒಂದು ಉಪಾಯ ಮಾಡಿದರು. ಹಳೇ ಟೇಪ್ ರೆಕಾರ್ಡರ್ ಇಳಿಸಿ, ಕ್ಯಾಸೆಟ್ ಹಾಕಿ, ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿದರು. "ಅತ್ತಿಗೆ, ಮುಗಿಯೋವರೆಗೂ ಯಾರೂ ಮಾತಾಡ್ಬಾರ್ದು," ಅಂದು ಫೋನಿನ ತುಣುಕು ಹಾಕಿದರು.

"ಉಮಾ... ಇದು ಆನ್ ಆಗಿದ್ಯೇನೇ? ನನ್ನ ಕನ್ನಡಕ ನೋಡಿದ್ಯಾ?"

ಆಮೇಲೆ ಮೌನ. ಅಂದು ದೊಡ್ಡಪ್ಪ ಕನ್ನಡಕ ಹುಡುಕುತ್ತಿದ್ದ ಹೊತ್ತು ಅದು.

"ತಲೆ ಮೇಲಿದೆ ನೋಡ್ರಿ," ಅಂದುಬಿಟ್ಟರು ದೊಡ್ಡಮ್ಮ.

"ಹಾಂ, ಸಿಕ್ತು," ಅಂತು ಫೋನು.

ಅಪ್ಪ ಟೇಪು ನಿಲ್ಲಿಸಿ ಕೇಳಿದರು, "ನಿಮ್ಮ ಮಾತೂ ಸೇರ್ಕೊಳ್ತು ಅತ್ತಿಗೆ. ಇನ್ನೊಂದ್ಸಲ ಮಾಡ್ಲಾ?"

"ಬೇಡ ಬಿಡು, ಹಾಗೇ ಇರ್ಲಿ," ಅಂದರು ದೊಡ್ಡಮ್ಮ. ಫೋನನ್ನು ಅವರೇ ಎತ್ತಿ ಅಪ್ಪನ ಕೈಗಿಟ್ಟರು. "ಕತ್ಲಾಗೋದ್ರೊಳಗೆ ಹೋಗಿ ಅಳಿಸ್ಕೊಂಡು ಬಾ."