ಚಿನ್ನದ ಗೋಡೆ, ಒಂದೇ ತಟ್ಟೆ

ಲಕ್ಷ್ಮೀಕಾಂತನಂಥ ಮೊಂಡನನ್ನು ನಾನು ಬೇರೆ ಕಂಡಿಲ್ಲ. ತುಮಕೂರಿನ ಮರಳೂರಿನಲ್ಲಿ ನನ್ನದು ಪಟಕ್ಕೆ ಫ್ರೇಮ್ ಹಾಕುವ ಅಂಗಡಿ. ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಅವನು ಮೈಸೂರು ಶೈಲಿಯ ದೇವರ ಪಟ ಬರೆಯುತ್ತಾನೆ. ಅವರಪ್ಪ ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದವರು. ಮಗನ ಕೈಗೆ ಅವರಿಗಿಂತ ನಯ ಬಂತು, ತಲೆಗೆ ಅವರಿಗಿಂತ ಹಟ ಬಂತು. ಲಕ್ಷ್ಮಿಯ ಸೀರೆಯಂಚಿಗೆ ಅವನು ಹಾರಿಹೋಗುವಷ್ಟು ತೆಳುವಾದ ಚಿನ್ನದ ರೇಕು ಅಂಟಿಸುವಾಗ ಫ್ಯಾನ್ ಆರಿಸಿ, ನಾವೂ ಉಸಿರು ಬಿಗಿಹಿಡಿದು ಕೂರಬೇಕು. ಆದರೂ ಗಿರಾಕಿಗಳಿಗೆ ಸಾಲದು. ಕುಣಿಗಲ್‌ನ ಛತ್ರದವರೊಬ್ಬರು ದೇವಿಯ ಹಿಂದೆ ಜಾಗ ಖಾಲಿ ಇದೆಯೆಂದು ಪಟವನ್ನೇ ವಾಪಸ್ ತಂದಿದ್ದರು. ಹಲ್ಲು ಕಡಿಯುತ್ತಾ ಅಲ್ಲಿ ನಾಲ್ಕು ಆನೆ ಬರೆದುಕೊಟ್ಟ.

ಇವನ ತಲೆ ಕೆಡಿಸಿದ್ದು ಒಂದು ಕ್ಯಾಲೆಂಡರ್. ತಂದವಳು ನಮ್ಮ ಮಹಡಿಯ ರೂಮಿನ ವನಜಮ್ಮ, ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದಾಳೆ. ದಿನಾ ಸಂಜೆ ಶಟರ್ ಎಳೆಯುತ್ತಾ ಅವಳನ್ನು ಊಟ ಆಯ್ತಾ ಅಂತ ಕೇಳುತ್ತೇನೆ. ಅಷ್ಟು ಸೌಜನ್ಯ ನನಗಿದೆ. ಫ್ಯಾಕ್ಟರಿಗೆ ಜಪಾನಿನಿಂದ ಬಂದಿದ್ದ ಎಂಜಿನಿಯರೊಬ್ಬರು ಬಿಟ್ಟುಹೋದ ಕ್ಯಾಲೆಂಡರ್ ಅದು. ಅಲ್ಲಿನ ಈಗಿನ ಕಾಲದ ಚಿತ್ರಗಾರರ ಹನ್ನೆರಡು ಚಿತ್ರಗಳಿದ್ದವು. ಒಂದರಲ್ಲಿ ಬಟ್ಟೆ ಒಗೆಯುವ ಮೆಷಿನ್‌ಗಳ ಅಂಗಡಿ, ಬೆಂಚಿನ ಮೇಲೆ ಒಬ್ಬಳೇ ಹೆಂಗಸು, ಸುತ್ತ ಬರೀ ಚಿನ್ನ.

“ನೋಡು ರಂಗಣ್ಣ,” ಎಂದ ಲಕ್ಷ್ಮೀಕಾಂತ. “ಇವರ್ದೂ ಹಳೇ ಪದ್ಧತೀನೇ. ಕಲ್ಲು ಅರೆದು ಬಣ್ಣ ಮಾಡೋದು, ರೇಕು ಅಂಟ್ಸೋದು. ಆದ್ರೆ ದೇವ್ರಿಲ್ಲ. ಅಷ್ಟು ದೊಡ್ಡ ಸಿಟೀಲಿ ಒಬ್ಳೇ ಕೂತವ್ಳೆ. ಅವ್ಳಿಗೇ ಚಿನ್ನ.”

“ದೇವರಿಗಲ್ದೆ ಚಿನ್ನ ಯಾಕ್ಲಾ?” ಎಂದೆ. ಅವನು ಕ್ಯಾಲೆಂಡರನ್ನು ಕೋಣೆಯ ಗೋಡೆಗೆ ನೇತುಹಾಕಿದ.

ವರ್ಷ ಮುಗಿದರೂ ಕ್ಯಾಲೆಂಡರ್ ಗೋಡೆಯಿಂದ ಇಳಿಯಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಅವನು ಯಾರೂ ಹೇಳಿ ಬರೆಸದ ಪಟವೊಂದನ್ನು ಮೊದಲ ಸಲ ಶುರುಮಾಡಿದ. ವನಜಮ್ಮನನ್ನು ಕೇಳಿ ಅವಳನ್ನೇ ಬರೆದ. ಮಹಡಿಯ ರೂಮು, ನೆಲದ ಮೇಲೆ ಅವಳು, ಮುಂದೆ ಒಂದು ತಟ್ಟೆ, ಒಂದು ಮುದ್ದೆ. ಗೋಡೆಯಿಡೀ ಚಿನ್ನ. ಎಂಟು ತಿಂಗಳು ಹಿಡಿಯಿತು. ಬಂದವರೆಲ್ಲ ಬುದ್ಧಿ ಹೇಳಿದರು: ಮೂಲೆಯಲ್ಲಿ ದೀಪ ಇಡು, ಪಕ್ಕದಲ್ಲಿ ಮಗು ಕೂರಿಸು, ಇನ್ನೊಂದು ತಟ್ಟೆಯಾದರೂ ಬರಿ. ನಾನೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಬೆಂಗಳೂರಿನ ಚಿತ್ರಪ್ರದರ್ಶನವೊಂದರವರು ಪಟದ ಫೋಟೊ ನೋಡಿ ಒಪ್ಪಿದರು. ಶನಿವಾರ ಪಟ ಅಲ್ಲಿರಬೇಕು. ಶುಕ್ರವಾರ ಮಧ್ಯಾಹ್ನ ಅದನ್ನು ನನ್ನ ಕೈಗೆ ಕೊಟ್ಟು, “ಗಾಜು ಬೇಡ ರಂಗಣ್ಣ, ರೇಕು ಹಂಗೇ ಕಾಣ್ಲಿ,” ಎಂದು ಹೇಳಿ ಟೆಂಪೊ ಗೊತ್ತುಮಾಡಲು ಹೋದ.

ಫ್ರೇಮ್ ಹಾಕಿದೆ. ನಮ್ಮಪ್ಪನ ಕಾಲದಿಂದ ಅಂಗಡಿಯಲ್ಲಿ ಒಂದು ಪದ್ಧತಿ. ರೇಕಿನ ಪಟ ಹೊರಗೆ ಹೋಗುವ ಮುಂಚೆ ಊದುಬತ್ತಿ ಹಚ್ಚಿ, ಗಾಜಿನ ಮೇಲೆ ದೇವರ ಹಣೆ ಕಾಣುವ ಕಡೆ ಒದ್ದೆ ಕುಂಕುಮ ಇಡುತ್ತೇವೆ. ಸಾವಿರಾರು ಪಟಕ್ಕೆ ಇಟ್ಟ ಬೆರಳು, ಅವತ್ತೂ ಇಟ್ಟಿತು. ತಣ್ಣನೆಯ ಗಾಜು ತಗಲುವ ಬದಲು ಕಾಗದದ ತರಿ ತಗಲಿದಾಗಲೇ ಗಾಜಿಲ್ಲವೆಂಬುದು ನೆನಪಾಗಿದ್ದು. ಒರೆಸಲು ಹೋದೆ. ಹಣೆಯ ಬಣ್ಣವೂ ಎದ್ದುಬಂದು, ಕೆಂಪು ಮೂಗಿನವರೆಗೆ ಇಳಿಯಿತು.

ಲಕ್ಷ್ಮೀಕಾಂತ ಬಂದು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. “ತಿದ್ದೋಕೆ ಹದಿನೈದು ದಿನ ಬೇಕು,” ಎಂದಷ್ಟೇ ಹೇಳಿ, ಟೆಂಪೊದವನಿಗೆ ಫೋನ್ ಮಾಡಿ ಬರಬೇಡವೆಂದ. ನನಗೆ ನನ್ನ ಮೇಲೇ ಸಿಟ್ಟು. ಅದನ್ನು ತಿರುಗಿಸಿ ಅವನ ಮೇಲೆ ಹಾಕಿದೆ.

“ಪೂಜೆ ಮಾಡಿದ್ದು ಕಣೋ. ಅದರ ಮೇಲೇನು ಉಗಿದ್ನಾ?”

ಶಿಫ್ಟ್ ಮುಗಿಸಿ ಬಂದ ವನಜಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಪಟದ ಮೇಲೆ ಬಗ್ಗಿ ನೋಡಿದಳು.

“ಹನ್ನೊಂದು ವರ್ಷದಿಂದ ಒಬ್ಳೇ ಉಣ್ತಾ ಇದೀನಿ ರಂಗಣ್ಣ,” ಎಂದಳು. “ಅದನ್ನ ಕಂಡೋರು ಇವರೊಬ್ರೇ. ನೀವು ಅದಕ್ಕೂ ಕುಂಕುಮ ಇಟ್ಟು ಕೈ ತೊಳ್ಕೊಂಡ್ರಿ.”

ಅವಳು ಮೆಟ್ಟಿಲು ಹತ್ತತೊಡಗಿದಾಗ, ಶಟರ್‌ಗೆ ಕೈಹಾಕಿದ್ದ ನನ್ನ ಬಾಯಿಂದ ದಿನದ ಮಾತು ತಾನಾಗಿ ಬಂತು.

“ಊಟ ಆಯ್ತಾ ವನಜಮ್ಮ?”

ಅವಳು ನಿಂತು ತಿರುಗಿದಳು. “ಇಲ್ಲ,” ಎಂದಳು.

ಆ ಪ್ರಶ್ನೆಗೆ ಅವಳ ಉತ್ತರವನ್ನು ನಾನು ನಿಂತು ಕೇಳಿದ್ದು ಅದೇ ಮೊದಲು.