ಪೀರಪ್ಪನ ಒಂಬತ್ತನೇ ನಂಬರು

ಸೋಲಾಪುರದ ಚಾದರ ವ್ಯಾಪಾರಿ ಶಂಕರೆಪ್ಪನವರ ಮಗ ಖಂಡಪ್ಪನಿಗೆ ಅಂಗಡಿಯ ಗಾದಿಗಿಂತ ಫುಟ್‌ಬಾಲ್ ಮೈದಾನವೇ ಪ್ರಿಯವಾಗಿತ್ತು. ದಿನವಿಡೀ ಗಿರಾಕಿಗಳ ಮುಂದೆ ಚಾದರ ಬಿಡಿಸಿ ಮಡಿಸುತ್ತ ಕೂತವನು, ಸಂಜೆ ಗಿರಣಿಯ ಭೋಂಗಾ ಕೂಗಿದ ಕೂಡಲೇ ಬೂಟು ಹಿಡಿದು ಹೊರಟುಬಿಡುತ್ತಿದ್ದ. ನವಜವಾನ ಎಂಬ ತಂಡ ಕಟ್ಟಿದವರಲ್ಲಿ ಅವನೂ ಒಬ್ಬ. ಮೊದಮೊದಲು ಆ ತಂಡದಲ್ಲಿ ಗೋಲು ಹೊಡೆಯುವವನೆಂದರೆ ಖಂಡಪ್ಪನೇ ಎಂದು ಪೇಟೆಯವರೆಲ್ಲ ಹೇಳುತ್ತಿದ್ದರು. ಪೀರಪ್ಪ ಬಂದ ಮೇಲೆ ಆ ಮಾತು ನಿಂತುಹೋಯಿತು.

ಪೀರಪ್ಪ ಕುಂಭಾರಿಯ ಒಕ್ಕಲುತನದ ಮನೆಯವನು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಪಾವರ್‌ಲೂಮಿನ ಕೆಲಸಕ್ಕಿದ್ದ. ಒಂದು ಸಂಜೆ ಆಟ ನೋಡಲು ಬಂದು ಗೆರೆಯಾಚೆ ನಿಂತಿದ್ದವನನ್ನು, ಆಳು ಕಡಿಮೆ ಬಿತ್ತೆಂದು ಒಳಗೆ ಕರೆದವನು ಸ್ವತಃ ಖಂಡಪ್ಪ. ಬರಿಗಾಲಲ್ಲೇ ಇಳಿದ ಪೀರಪ್ಪ ಆ ದಿನ ಯಾರ ಕೈಗೂ ಸಿಗಲಿಲ್ಲ. ಮುಂದಿನ ವರ್ಷ ತಂಡಕ್ಕೆ ಹೊಸ ಜರ್ಸಿಗಳು ಬಂದವು. ಮುಂಚೂಣಿಯ ನಡುವೆ ಆಡುವವನಿಗೆ ಸಲ್ಲುವ ಒಂಬತ್ತನೇ ನಂಬರು ತನಗೇ ಎಂದು ಖಂಡಪ್ಪ ಕೈ ಚಾಚಿಕೊಂಡೇ ನಿಂತಿದ್ದ. ತಂಡ ನಡೆಸುತ್ತಿದ್ದ ಹಿರಿಯ ಶಾಂತಲಿಂಗಪ್ಪ ಅದನ್ನು ಪೀರಪ್ಪನ ಹೆಗಲಿಗೆ ಹಾಕಿದರು. ಖಂಡಪ್ಪನಿಗೆ ಸಿಕ್ಕದ್ದು ಎಂಟು.

ಅಲ್ಲಿಂದ ಅವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಊಟಕ್ಕೆ ಕೂತಾಗ ಹೆತ್ತ ಅಪ್ಪನೇ "ಇವತ್ತ ಪೀರಪ್ಪ ಹೆಂಗ ಆಡಿದ?" ಎಂದು ಕೇಳುತ್ತಿದ್ದರು. ಖಂಡಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಪೀರಪ್ಪನ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋದರೆ ಖಂಡಪ್ಪನ ಎದೆ ತಣ್ಣಗಾಗುತ್ತಿತ್ತು, ತಂಡ ಸೋಲುತ್ತಿದ್ದರೂ. ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಆದರೂ ಆ ತಂಪು ಅವನಿಗೆ ಬೇಕಾಗಿತ್ತು. ಇನ್ನೂ ಕೆಟ್ಟದ್ದೆಂದರೆ, ಅಂಗಡಿಯಿಂದ ಮನೆಗೆ ಬರುವಾಗ ತಾನು ಪೀರಪ್ಪನ ಹಾಗೆಯೇ ತುಸು ಎಡಕ್ಕೆ ವಾಲಿ ನಡೆಯುತ್ತಿರುವುದು ಒಮ್ಮೊಮ್ಮೆ ಅವನ ಅರಿವಿಗೆ ಬರುತ್ತಿತ್ತು. ತಟ್ಟನೆ ನೆಟ್ಟಗಾಗುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಮುಂಬೈಯ ಗಿರಣಿಯೊಂದು ತನ್ನ ತಂಡಕ್ಕೆಂದು ಪೀರಪ್ಪನನ್ನು ಕರೆಸಿಕೊಂಡಿತು. ಸ್ಟೇಷನ್ನಿನಲ್ಲಿ ಹಾರ ಹಾಕಿ, ಟ್ರಂಕು ಹೊತ್ತು, ಕಿಟಕಿಯ ಪಕ್ಕದ ಜಾಗ ಹಿಡಿದುಕೊಟ್ಟವನು ಖಂಡಪ್ಪ. ತಂಡದಲ್ಲಿ ಅಷ್ಟು ಉಮೇದಿನಿಂದ ಬೀಳ್ಕೊಟ್ಟವರು ಬೇರೆ ಯಾರೂ ಇರಲಿಲ್ಲ.

ಆದರೆ ರೈಲು ಹೋದ ಮೇಲೆ ಪೀರಪ್ಪ ಇನ್ನೂ ದೊಡ್ಡವನಾದ. ತಂಡದವರು ಸೇರಿದ ಮೊದಲ ಸಭೆಯಲ್ಲೇ ಶಾಂತಲಿಂಗಪ್ಪ ಹೇಳಿದರು: "ಒಂಬತ್ತ ನಂಬರ ಇನ್ನ ಯಾರಿಗೂ ಕೊಡೂದು ಬ್ಯಾಡ. ಅದು ಪೀರಪ್ಪಂದು. ಹಂಗ ತೆಗದಿಡೂಣು."

ಖಂಡಪ್ಪ ಎದ್ದು ನಿಂತ. "ಕಾಕಾ, ಅಂವೇನು ಸತ್ತಿಲ್ಲ. ನಮ್ಮನ್ನ ಬಿಟ್ಟು ಹೋಗ್ಯಾನ. ಬಿಟ್ಟು ಹೋದಾಂವಗ ಇಷ್ಟ ಮಾನ ಮಾಡಿದ್ರ, ಇಲ್ಲೇ ಇದ್ದಾವ್ರಿಗೆ ಏನ ಉಳೀತರಿ?"

ಮಾತಿನಲ್ಲಿ ನ್ಯಾಯವಿತ್ತು. ಅದರ ಹಿಂದಿನ ಉರಿಯೂ ಎಲ್ಲರಿಗೂ ಕಾಣುತ್ತಿತ್ತು. ಕೆಲವರು ಶಾಂತಲಿಂಗಪ್ಪನವರ ಕಡೆಗಾದರು. ಗೋಲ್‌ಕೀಪರ್ ನಿಂಗಣ್ಣ ಮಾತ್ರ, ನಡುವೆ ನಂಬರು ಬಿಟ್ಟ ತಂಡ ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆಂದು ನಗಿಸಿದ. ಆ ನಗುವಿನಲ್ಲೇ ವಾದ ಸಡಿಲಾಗಿ ಜರ್ಸಿ ಖಂಡಪ್ಪನದಾಯಿತು. ಶಾಂತಲಿಂಗಪ್ಪ ಅದನ್ನು ಅವನ ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟು ಹೊರಗೆ ನಡೆದರು.

ಮನೆಯಲ್ಲಿ ತೊಟ್ಟು ನೋಡಿದಾಗ ಅದು ಹೊಟ್ಟೆಯ ಹತ್ತಿರ ಬಿಗಿಯಾಯಿತು. ಹೆಂಡತಿ ಸುಮಿತ್ರಾಬಾಯಿ ಎರಡೂ ಬದಿಯ ಹೊಲಿಗೆ ಬಿಚ್ಚಿ ಪಟ್ಟಿ ಕೊಟ್ಟು ಅಗಲ ಮಾಡಿದಳು.

ಆ ಚಳಿಗಾಲದಲ್ಲಿ ಅಕ್ಕಲಕೋಟದಲ್ಲಿ ಪಂದ್ಯವಿತ್ತು. ವಾಗದರಿಯ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಸೋಲಾಪುರದ ತಂಡದಲ್ಲಿ ಒಂಬತ್ತು ನಂಬರಿನ ಪೀರಪ್ಪನೆಂಬ ಒಬ್ಬ ಗಾಳಿಯಂತೆ ಓಡುತ್ತಾನೆಂದು ಅವರೆಲ್ಲ ಕೇಳಿದ್ದರು. ಯಾರೂ ಅವನನ್ನು ನೋಡಿರಲಿಲ್ಲ.

ಖಂಡಪ್ಪ ಆ ದಿನ ಆಡಿದಂತೆ ಹಿಂದೆಂದೂ ಆಡಿರಲಿಲ್ಲ. ಆಟ ಮುಗಿಯಲು ಬಂದಾಗ ಬಲಗಡೆಯಿಂದ ತೇಲಿಬಂದ ಚೆಂಡನ್ನು ಎದೆಯಿಂದ ಇಳಿಸಿಕೊಂಡ. ಎದುರಾಳಿಯೊಬ್ಬ ಮೈಮೇಲೆ ಬರುವಷ್ಟರಲ್ಲಿ ತಿರುಗಿ ಎಡಗಾಲಿನಿಂದ ಹೊಡೆದ. ಚೆಂಡು ಮೂಲೆಯ ಬಲೆಗೆ ಹೋಗಿ ಬಿತ್ತು. ಮೈದಾನವೆಲ್ಲ ಎದ್ದು ನಿಂತಿತು. ತನ್ನ ಕಿವಿಯಲ್ಲೇ ಏನೋ ತಪ್ಪಿದೆಯೆಂದು ಅವನಿಗೆ ಮೊದಲು ಅನ್ನಿಸಿತು. ಆಮೇಲೆ ಸ್ಪಷ್ಟವಾಯಿತು. ಜನ ಕೂಗುತ್ತಿದ್ದುದು ಪೀರಪ್ಪನ ಹೆಸರನ್ನು.

ಪಂದ್ಯ ಗೆದ್ದ ಮೇಲೆ ವಾಗದರಿಯ ಮುದುಕರೊಬ್ಬರು ಜನರನ್ನು ಸರಿಸುತ್ತ ಬಂದು ಅವನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು.

"ನಿನ್ನ ಆಟ ನೋಡಬೇಕಂತ ಭಾಳ ದಿನದ ಆಸೆ ಇತ್ತಪ, ಪೀರಪ್ಪ. ಇವತ್ತ ಕಣ್ಣ ತಂಪಾದ್ವು."

"ನಾ ಪೀರಪ್ಪ ಅಲ್ಲರಿ ಅಜ್ಜಾ."

ಮುದುಕರು ನಕ್ಕು ಪಕ್ಕದವನ ಕಡೆ ತಿರುಗಿದರು. "ನೋಡು, ಖರೇ ದೊಡ್ಡಾವ್ರು ಹಿಂಗ ಇರ್ತಾರ. ಹೆಸರ ಸೈತ ಹೇಳಿಕೊಳ್ಳಂಗಿಲ್ಲ."

ಎಸ್‌ಟಿ ಬಸ್ಸಿನಲ್ಲಿ ಮರಳುವಾಗ ತಂಡದವರು ಆ ಮಾತನ್ನು ಮತ್ತೆ ಮತ್ತೆ ಆಡಿ ಹೊಟ್ಟೆ ಹಿಡಿದು ನಕ್ಕರು. ಖಂಡಪ್ಪ ಕುಂಭಾರಿ ದಾಟುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮರುದಿನವೇ ಅವನು ಜರ್ಸಿಯನ್ನು ಮಡಿಚಿ ಶಾಂತಲಿಂಗಪ್ಪನವರ ಮುಂದೆ ಇಟ್ಟ. ಅವರು ಅಂದದ್ದೇ ಸರಿ, ಇದನ್ನು ಇನ್ನು ಯಾರೂ ತೊಡುವುದು ಬೇಡ ಎಂದ. ಮುದಿಜೀವ ಕರಗಿಹೋಯಿತು. ಸಭೆ ಕರೆದು, ಇಂಥ ದೊಡ್ಡ ಮನಸ್ಸು ಯಾರಿಗುಂಟು ಎಂದು ಎಲ್ಲರೆದುರು ಕೊಂಡಾಡಿದರು. ಚಪ್ಪಾಳೆ ಬಿದ್ದಿತು. ಖಂಡಪ್ಪ ತಲೆ ತಗ್ಗಿಸಿ ಕೂತ. ಅದನ್ನೂ ಅವರು ವಿನಯವೆಂದೇ ತಿಳಿದರು.

ಸುಮಿತ್ರಾಬಾಯಿ ಮಾತ್ರ ಕೇಳಿದಳು: "ಖರೇ ಹೇಳ್ರಿ, ಅವನ ಮ್ಯಾಲಿನ ಪ್ರೀತಿಗೆ ಕೊಟ್ಟೀರೇನು?"

"ಇಲ್ಲ. ನಾ ಹೊಡದ ಗೋಲು ಇನ್ನೊಮ್ಮೆ ಅವನ ಹೆಸರಿಗೆ ಹೋಗಬಾರದಂತ ಕೊಟ್ಟೆ."

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಇಷ್ಟು ಖರೇ ನನ್ನ ಮುಂದಾದರೂ ಹೇಳಿದಿರಲ್ಲ ಎಂದು ಒಳಗೆ ಹೋದಳು.

ಎಪ್ಪತ್ತೆಂಟರಲ್ಲಿ ಪೀರಪ್ಪ ಮೊಣಕಾಲು ಮುರಿದುಕೊಂಡು ಮರಳಿ ಬಂದ. ಮುಂಬೈಯಲ್ಲಿ ಅವನು ಆಡಿದ್ದು ಸ್ವಲ್ಪ, ಹೊರಗೆ ಕೂತದ್ದೇ ಹೆಚ್ಚು. ಮತ್ತೆ ಲೂಮಿನ ಕೆಲಸ ಹಿಡಿಯುವ ಮೊದಲು ಅವನು ನೇರವಾಗಿ ಬಂದದ್ದು ಖಂಡಪ್ಪನ ಅಂಗಡಿಗೆ. ಖಂಡಪ್ಪ ನಂಬರು ಬಿಟ್ಟುಕೊಟ್ಟ ಸುದ್ದಿ ಅವನಿಗೆ ಮುಂಬೈಯಲ್ಲೇ ಮುಟ್ಟಿತ್ತು.

"ಖಂಡಪ್ಪಣ್ಣ, ಅಲ್ಲಿ ನನ್ನ ಯಾರೂ ಕೇಳ್ತಿದ್ದಿಲ್ಲರಿ. ಊರಾಗ ನಿಮ್ಮಂತಾವ್ರು ಒಬ್ಬರು ಅದಾರಂತ ನೆನಸಿಕೊಂಡ ದಿನಾ ತಳ್ಳೀನಿ," ಎಂದ.

ಎದುರಿಗೆ ಕುಂಟುತ್ತ ಬಂದು ನಿಂತವನಲ್ಲಿ ಈಗ ಮತ್ಸರಪಡುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಖಂಡಪ್ಪನಿಗೆ ಹೊಸದೊಂದು ಹೊಟ್ಟೆಕಿಚ್ಚು ಹುಟ್ಟಿತು: ಒಬ್ಬನನ್ನು ಇಷ್ಟು ಸಲೀಸಾಗಿ ಒಳ್ಳೆಯವನೆಂದು ನಂಬಿಬಿಡುವ ಮನಸ್ಸು ಇವನಿಗೆ ಹೇಗೆ ಬಂತು, ತನಗೇಕೆ ಬರಲಿಲ್ಲ? ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಪೀರಪ್ಪ ಕೆಟ್ಟ ಕಾಲನ್ನು ನೀಡಿ ನಿಧಾನವಾಗಿ ಗಾದಿಯ ಮೇಲೆ ಕೂತುಕೊಳ್ಳುತ್ತಿದ್ದ. ಖಂಡಪ್ಪ ಚಹಾ ತರಿಸಿದ.

ಮುಂದೆ ಪೀರಪ್ಪ ಸಂಜೆ ಮೈದಾನಕ್ಕೆ ಬಂದು ಹೊಸಬರಿಗೆ ಆಟ ಕಲಿಸತೊಡಗಿದ. ಒಂಬತ್ತನ್ನು ಯಾರಿಗಾದರೂ ಕೊಡಿರೆಂದು ಅವನೇ ಕೇಳಿಕೊಂಡರೂ ತಂಡ ಒಪ್ಪಲಿಲ್ಲ. ಓಡಲು ದಮ್ಮು ಇರುವವರೆಗೆ ಖಂಡಪ್ಪ ಎಂಟರಲ್ಲೇ ಆಡಿದ. ಆಟ ಮುಗಿದು ಹುಡುಗರೆಲ್ಲ ಪೀರಪ್ಪನ ಸುತ್ತ ಕೂತು ಮುಂಬೈಯ ಕಥೆ ಕೇಳುವಾಗ, ಕತ್ತಲಾಗುತ್ತಿದೆ, ಮನೆಗೆ ನಡೀರಿ ಎಂದು ಅವರನ್ನು ಎಬ್ಬಿಸುತ್ತಿದ್ದವನು ಮಾತ್ರ ಯಾವಾಗಲೂ ಖಂಡಪ್ಪನೇ.