ಹೊಂಗೆ ಹೂ ಉದುರಿದ ವರ್ಷ

ಮದರಾಸು ಸರ್ಕಾರದ ಕಾಲ. ಮಡಕಶಿರದ ಕಡೆಯವಳಾದ ನಾನು ರಾಯದುರ್ಗದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ನಮ್ಮ ಮಾವ ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದರು. ಹೊಂಗೆ ಹೂ ಬಿಟ್ಟು ವಾರವೂ ಆಗಿರಲಿಲ್ಲ, ಆಲಿಕಲ್ಲು ಮಳೆ ಬಂದು ಹೂವೆಲ್ಲ ನೆಲದ ಪಾಲಾಯಿತು.

"ಹುಳ ಹೆಂಗೂ ಎದ್ದು ಹೋಗ್ತಾವ. ಇದ್ದಷ್ಟು ಜೇನು ತಗದುಬಿಡ್ತೀನಿ," ಎಂದು ಮಾವ ಚಾಕು ತಂದರು.

ಅದುವರೆಗೆ ನಾನು ಅವರೆದುರು ಬಾಯಿ ತೆರೆದವಳಲ್ಲ. ಆದರೆ ಅಪ್ಪನ ಹೊಲದ ಹುಣಸೆ ಹೂಗಳಿಗೆ ಜೇನುಹುಳ ಮುತ್ತುತ್ತಿದ್ದುದು ನೆನಪಾಯಿತು. ಬಾಗಿಲ ಮರೆಯಿಂದಲೇ ಹೇಳಿದೆ: "ತೆಗೀಬೇಡಿ ಮಾವ. ಹುಣಸೆ ಹೂ ಬಿಡೋಗಂಟ ಅವುಕ್ಕೆ ಅದೇ ಊಟ. ಕೆರೆ ಏರಿ ಮೇಲಿನ ಮರದಾಗೆ ಮೊಗ್ಗು ಕಂಡೆ."

ಮಾವ ಚಾಕು ಕೆಳಗಿಟ್ಟರು. "ಹೌದೇನವ್ವಾ? ಹಂಗಾದ್ರ ಇರ್ಲಿ ಬಿಡು," ಎಂದು ಪೆಟ್ಟಿಗೆ ಮುಚ್ಚಿದರು.

ಹೇಳಿದ್ದೇನೋ ಹೇಳಿದೆ, ಆಮೇಲೆ ನನಗೇ ಭಯ. ದಿನಾ ಬೆಳಿಗ್ಗೆ ಪೆಟ್ಟಿಗೆಗೆ ಕಿವಿಯಿಟ್ಟು, ಗುಂಯ್‌ ಎನ್ನುವುದು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದೆ. ಕೊನೆಗೆ ಹುಣಸೆ ಹೂ ಬಿಟ್ಟಿತು. ಹುಳುಗಳು ಬಿಡುವಿಲ್ಲದೆ ಕೆರೆ ಏರಿಗೂ ಹಿತ್ತಲಿಗೂ ಹಾರಾಡಿದವು.

ನಾನು ಆಷಾಢಕ್ಕೆ ತವರಿಗೆ ಹೊರಡುವ ಮುಂಚೆ ಮಾವ ಜೇನು ತೆಗೆದರು. ಮೊದಲ ಬಟ್ಟಲನ್ನು ನನ್ನ ಕೈಗಿಟ್ಟು, "ಬರೋ ವರ್ಷ ಇನ್ನೊಂದು ಪೆಟ್ಟಿಗಿ ಇಡೋಣೇನವ್ವಾ?" ಎಂದು ನನ್ನನ್ನೇ ಕೇಳಿದರು.